ಹಳದಿ ನಾಲ್ಕು, ಕಪ್ಪು ಹತ್ತೊಂಬತ್ತು

ಹೋದ ತಿಂಗಳು ಹನೂರು ಬಸ್ ಸ್ಟ್ಯಾಂಡ್ ಹತ್ತಿರ ಒಂದು ಪಂಕ್ಚರ್ ಅಂಗಡಿ ಮುಂದೆ ನಿಂತಿದ್ದೆ. ಅಂಗಡಿಯವನು ಟ್ಯೂಬೊಂದನ್ನು ನೀರಿನ ತೊಟ್ಟಿಯಿಂದ ಎತ್ತಿ, ಒರೆಸಿ, ಮೇಲೆ ಬಿಳಿ ಪೌಡರ್ ಉದುರಿಸಿದ. ಒದ್ದೆ ರಬ್ಬರು, ಪೌಡರು. ಆ ವಾಸನೆ ಮೂಗಿಗೆ ಬಡಿಯಿತು. ಹಳೇ ವಾಸನೆಗಳು ಕೆಲವರಿಗೆ ಕಣ್ಣೀರು ತರಿಸುತ್ತವಂತೆ. ನನಗೆ ಸಿಟ್ಟು ತರಿಸುತ್ತವೆ. ನೀರಿನಲ್ಲಿ ಮುಳುಗಿ ಕೆಲಸ ಮಾಡುವವರು ತೊಡುವ ರಬ್ಬರ್ ಅಂಗಿಗೂ ಇದೇ ವಾಸನೆ. ಐದು ವರ್ಷದ ಹಿಂದೆ ಒಂದು ಕಾರ್ತಿಕ ಮಾಸದಲ್ಲಿ ಹದಿನೆಂಟು ದಿನ ನಾನು ಆ ವಾಸನೆಯ ಪಕ್ಕದಲ್ಲಿ ಕೂತು ಬರೆದಿದ್ದೇನೆ.

ಬರೆಯುವುದೇ ನನ್ನ ಕೆಲಸವಾಗಿತ್ತು. ಬಿಎಸ್ಸಿ ಮುಗಿಸಿ ಯಳಂದೂರಿನ ಮನೆಯಲ್ಲಿ ಕೂತಿದ್ದೆ. ಅಪ್ಪ ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ತೆಗೆಯುವ ಘಟಕದಲ್ಲಿದ್ದರು. ಅವರ ಪರಿಚಯದವರೊಬ್ಬರು, ಹನೂರು ಕಡೆ ಜಲಾಶಯವೊಂದರಲ್ಲಿ ತೂಬಿನ ರಿಪೇರಿ ನಡೀತಿದೆ, ಲೆಕ್ಕ ಗೊತ್ತಿರೋ ಒಬ್ಬರು ಬೇಕಂತೆ, ಎರಡು ತಿಂಗಳ ಕೆಲಸ ಅಂದರು. ಜಲಾಶಯದ ಹೆಸರು ಇಲ್ಲಿ ಬೇಡ. ನೀರಿನದೇನೂ ತಪ್ಪಿಲ್ಲ.

ಆ ವರ್ಷ ಹಿಂಗಾರು ಚೆನ್ನಾಗಿ ಹಿಡಿದು ಕಟ್ಟೆ ತುಂಬಿತ್ತು. ತುಂಬಿದ ಮೇಲೆ ತೂಬಿನ ಕಬ್ಬಿಣದ ಬಾಗಿಲು ಅರ್ಧಕ್ಕೆ ಸಿಕ್ಕಿಹಾಕಿಕೊಂಡಿತು. ಮೇಲಕ್ಕೂ ಬಾರದು, ಕೆಳಕ್ಕೂ ಇಳಿಯದು. ನಾಲೆಗೆ ಹಗಲೂ ರಾತ್ರಿ ನೀರು ನುಗ್ಗುತ್ತಿತ್ತು. ಕೆಳಗಿನ ಹೊಲಗಳಲ್ಲಿ ಕೊಯ್ಲಿಗೆ ಬಂದ ರಾಗಿ ನೀರಲ್ಲಿ ನಿಂತು ಮೊಳಕೆ ಒಡೆಯುತ್ತಿತ್ತು. ಕಟ್ಟೆ ಖಾಲಿ ಮಾಡಿ ರಿಪೇರಿ ಮಾಡೋಣ ಅಂದರೆ ಬೇಸಿಗೆಗೆ ಕುಡಿಯುವ ನೀರಿಲ್ಲ. ಹಾಗಾಗಿ ಒಬ್ಬ ಮನುಷ್ಯ ನೂರಡಿ ಕೆಳಗಿಳಿದು, ಬಾಗಿಲು ಜಾರುವ ಸಂದಿಯಲ್ಲಿ ಸಿಕ್ಕಿದ್ದ ಮರದ ದಿಮ್ಮಿಯನ್ನು ಕೊಯ್ದು ತೆಗೆಯಬೇಕು. ಅದು ಕೆಲಸ.

ಆ ಮನುಷ್ಯ ಸೆಲ್ವ. ಮಾದಪ್ಪನ ಬೆಟ್ಟದ ಆಚೆ, ಕಾವೇರಿ ದಂಡೆಯವನು. ಮನೆಯಲ್ಲಿ ತಮಿಳು, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ. ತೆಪ್ಪದಲ್ಲಿ ಮೀನು ಹಿಡಿಯುವ ಕುಟುಂಬದಲ್ಲಿ ಹುಟ್ಟಿ, ಹತ್ತು ವರ್ಷ ಕರಾವಳಿಯ ಬಂದರುಗಳಲ್ಲಿ ಹಡಗಿನ ತಳ ತೊಳೆದು, ಬೆಸುಗೆ ಹಾಕಿ, ಈ ವಿದ್ಯೆ ಕಲಿತಿದ್ದ. ನಲವತ್ತರ ಹತ್ತಿರದ, ಮಾತು ಕಡಿಮೆಯ ಮನುಷ್ಯ. ಮೊದಲ ದಿನವೇ ನನ್ನನ್ನು ತಂಗಚ್ಚಿ ಅಂದ. ನಾನು ಸೆಲ್ವಣ್ಣ ಅಂದೆ.

ದಂಡೆಯ ಮೇಲೆ ಅವನ ಹಗ್ಗ ಹಿಡಿಯುತ್ತಿದ್ದವನು ಮಧುವನಹಳ್ಳಿಯ ಮಾದಪ್ಪ. ಐವತ್ತೈದು ದಾಟಿದ ಕೂಲಿಯಾಳು. ನಮ್ಮೆಲ್ಲರ ಮೇಲೆ ಗುತ್ತಿಗೆದಾರರ ಸೂಪರ್‌ವೈಸರು ಶೇಖರ್. ಇಸ್ತ್ರಿ ಅಂಗಿ, ಕಪ್ಪು ಕನ್ನಡಕ, ಕೈಯಲ್ಲಿ ಸದಾ ಫೋನು. ನೀರಿಗೆ ಇಳಿದವನಲ್ಲ.

ದಿನಾ ಬೆಳಿಗ್ಗೆ ಯಳಂದೂರಿಂದ ಬಸ್ಸು. ಕುಂತೂರಿನ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿ ಕೊಳ್ಳೇಗಾಲ, ಅಲ್ಲಿಂದ ಹನೂರು, ಅಲ್ಲಿಂದ ಜೀಪು. ಜಲಾಶಯದ ಮೇಲೆ ಮಂಜು ಬಿಡುವುದು ಒಂಬತ್ತು ಗಂಟೆಗೆ. ಸೆಲ್ವ ಅಂಗಿಯೊಳಗೆ ಪೌಡರ್ ಉದುರಿಸಿಕೊಂಡು ತೊಡುತ್ತಿದ್ದ. ಇಳಿದ ಹೊತ್ತು, ತಳ ಬಿಟ್ಟ ಹೊತ್ತು, ಮೇಲೆ ಬಂದ ಹೊತ್ತು, ಎಲ್ಲವನ್ನೂ ನಾನು ಪುಸ್ತಕದಲ್ಲಿ ಬರೆಯಬೇಕು. ಅವನ ಎರಡು ಮಣಿಕಟ್ಟಿಗೂ ದಪ್ಪ ಗಡಿಯಾರದಂಥ ಯಂತ್ರಗಳು. ಬಲಗೈಯದು ಹಳದಿ, ಕಂಪನಿ ಕೊಟ್ಟದ್ದು. ಎಡಗೈಯದು ಕಪ್ಪು, ಅವನೇ ಕೊಂಡದ್ದು. ಕಂಪ್ಯೂಟರ್ ಅನ್ನುತ್ತಿದ್ದರು. ಮೇಲೆ ಬರುವಾಗ ಹತ್ತಡಿ ಆಳದಲ್ಲಿ ಎಷ್ಟು ನಿಮಿಷ ನಿಲ್ಲಬೇಕು ಅಂತ ಅವು ಹೇಳುತ್ತವೆ. ಆ ಅಂಕಿಯನ್ನು ಸೆಲ್ವ ಒಂದು ಪ್ಲಾಸ್ಟಿಕ್ ಸ್ಲೇಟಿನಲ್ಲಿ ಬರೆದು ಸಣ್ಣ ದಾರದಲ್ಲಿ ಮೇಲೆ ಕಳಿಸುತ್ತಿದ್ದ. ನಾನು ಪುಸ್ತಕಕ್ಕೆ ಇಳಿಸುತ್ತಿದ್ದೆ.

ಮೊದಲ ದಿನವೇ ಸ್ಲೇಟಿನಲ್ಲಿ ಎರಡು ಅಂಕಿ ಬಂತು. ಹಳದಿ ಎರಡು, ಕಪ್ಪು ಏಳು. ಇದೇನು ಹೀಗೆ, ಯಾವುದೋ ಒಂದು ಕೆಟ್ಟಿರಬೇಕು ಅಂದುಕೊಂಡೆ. ಸೆಲ್ವ ಏಳು ನಿಮಿಷ ನಿಂತೇ ಬಂದ. ಶೇಖರ್ ಗಡಿಯಾರ ನೋಡಿ, ನೀರಲ್ಲಿ ನೇತಾಡ್ಕೊಂಡು ನಿದ್ದೆ ಮಾಡ್ತಿದ್ಯಾ ಅಂತ ಕೇಳಿದ. ಇನ್ನು ಮೇಲೆ ಕಂಪನಿ ಮೆಷೀನ್ ಏನು ಹೇಳುತ್ತೋ ಅಷ್ಟೇ, ನಿನ್ನ ಸ್ವಂತ ಗಡಿಯಾರ ಮನೇಲಿಟ್ಟು ಬಾ ಅಂದ. ಸೆಲ್ವ ಮಾರನೆ ದಿನವೂ ಎರಡನ್ನೂ ಕಟ್ಟಿಕೊಂಡೇ ಬಂದ.

ಊಟದ ಹೊತ್ತಿಗೆ ನಾನೇ ಕೇಳಿದೆ. ಹುಣಸೆ ಮರದ ಕೆಳಗೆ ಮುದ್ದೆ ಮುರಿಯುತ್ತಾ ಅವನು ನಿಧಾನಕ್ಕೆ ಹೇಳಿದ. ಆಳದಲ್ಲಿ ಉಸಿರಾಡಿದರೆ ಗಾಳಿಯ ಒಂದು ಭಾಗ ರಕ್ತಕ್ಕೆ, ಕೊಬ್ಬಿಗೆ, ನರಕ್ಕೆ ಇಳಿದು ಕೂರುತ್ತೆ. ನಿಧಾನಕ್ಕೆ ಬಂದರೆ ಉಸಿರಲ್ಲಿ ಹೊರಟುಹೋಗುತ್ತೆ. ದಡಕ್ಕನೆ ಬಂದರೆ ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ ಒಳಗೇ ಗುಳ್ಳೆ ಏಳುತ್ತೆ. ಆದರೆ ಎಷ್ಟು ಗಾಳಿ ಕೂತಿದೆ ಅಂತ ಯಾವ ಮೆಷೀನೂ ಅಳೆದು ನೋಡುವುದಿಲ್ಲ.

"ಇವುಕ್ ಗೊತ್ತಿರಾದು ಎಲ್ಡೇ ತಂಗಚ್ಚಿ, ಎಷ್ಟಾಳ, ಎಷ್ಟೊತ್ತು. ಮಿಕ್ಕಿದ್ದೆಲ್ಲ ಅಂದಾಜು," ಅಂದ.

ಆ ಅಂದಾಜನ್ನು ಒಂದೊಂದು ಕಂಪನಿ ಒಂದೊಂದು ಸೂತ್ರದಲ್ಲಿ ಹಾಕುತ್ತದೆ. ಒಬ್ಬರು ಇಷ್ಟು ಒತ್ತಡ ತಡೆಯುತ್ತೆ ಬಿಡು ಅಂತಾರೆ, ಇನ್ನೊಬ್ಬರು ಬೇಡಪ್ಪ, ಇನ್ನೈದು ನಿಮಿಷ ಇರಲಿ ಅಂತಾರೆ. ಅದರ ಮೇಲೆ ಎಷ್ಟು ಜಾಗ್ರತೆ ಬೇಕು ಅಂತ ಗುಂಡಿ ಒತ್ತಿ ಹೆಚ್ಚು ಕಡಿಮೆ ಮಾಡಬಹುದು. ಹಳದಿಯದನ್ನು ಯಾರೋ ತೀರಾ ಕೆಳಗಿಟ್ಟಿದ್ದರು. ಇನ್ನೊಂದು, ನಮ್ಮ ಹನೂರು ಸಮುದ್ರಮಟ್ಟದಲ್ಲಿಲ್ಲ. ಎತ್ತರದ ಸೀಮೆಯಲ್ಲಿ ಮೇಲಿನ ಗಾಳಿಯೇ ತೆಳು. ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ಕಪ್ಪಿನದು ತಾನಾಗೇ ಅದನ್ನು ಗ್ರಹಿಸುತ್ತೆ. ಹಳದಿಗೆ ನಾವೇ ಹೇಳಿಕೊಡಬೇಕು. ಹೇಳಿಕೊಡೋಕೆ ಹೋದರೆ ಶೇಖರ್, ಕಂಪನಿ ಮೆಷೀನ್ ಮುಟ್ಟಬೇಡ ಅಂತ ಕೈ ತಳ್ಳಿದ್ದ.

ನನಗೆ ಚೆನ್ನಾಗಿ ಅರ್ಥವಾಯಿತು. ಗೂಡಿನ ಮಾರುಕಟ್ಟೆಯಲ್ಲಿ ಅಪ್ಪನನ್ನು ನೋಡಿದ್ದೆನಲ್ಲ. ಒಂದೇ ಬುಟ್ಟಿಯ ರೇಷ್ಮೆಗೂಡನ್ನು ಇಬ್ಬರು ಕೈಯಲ್ಲಿ ಹಿಡಿದು, ಇಷ್ಟು ನೂಲು ಬರುತ್ತೆ ಅಂತ ಎರಡು ಬೇರೆ ಅಂದಾಜು ಹೇಳುತ್ತಾರೆ. ಇಬ್ಬರೂ ಸುಳ್ಳರಲ್ಲ. ಗೂಡು ಬಿಚ್ಚಿ ನೋಡಿದವರು ಯಾರೂ ಇಲ್ಲ, ಅಷ್ಟೇ. ಹಾಗಾದರೆ ಎರಡು ಬೇರೆ ಹೇಳಿದಾಗ ಏನು ಮಾಡೋದಣ್ಣ ಅಂತ ಕೇಳಿದೆ. ಜಾಸ್ತಿ ಏಳೋದುನ್ನ ಕೇಳೋದು, ಅದ್ರಲ್ಲೇನಿದೆ ಅಂದು ಎದ್ದು ಕೈ ತೊಳೆಯಲು ಹೋದ.

ಅಂದಿನಿಂದ ನಾನು ಪುಸ್ತಕದಲ್ಲಿ ಎರಡು ಕಲಂ ಎಳೆದೆ. ಹಳದಿ, ಕಪ್ಪು. ಯಾರೂ ಹೇಳಿರಲಿಲ್ಲ.

ಹದಿನೆಂಟನೇ ದಿನ ದಿಮ್ಮಿ ಅರ್ಧ ಕೊಯ್ದಾಗಿತ್ತು. ಅವತ್ತು ಮಧ್ಯಾಹ್ನ ಮೇಲಿನ ಅಧಿಕಾರಿಯೊಬ್ಬರು ಪರಿಶೀಲನೆಗೆ ಬರುತ್ತಾರೆ ಅಂತ ಶೇಖರ್ ಬೆಳಿಗ್ಗೆಯಿಂದ ಕುದಿಯುತ್ತಿದ್ದ. ದಿನಕ್ಕೆ ಒಂದೇ ಸಲ ಇಳಿಯುವುದು ಅನ್ನುವ ಕಟ್ಟಳೆ ಇತ್ತು. ಅವತ್ತು ಎರಡು ಸಲ ಇಳಿ ಅಂದ. ನಾಲೆಯ ಕೆಳಗಿನ ರೈತರು ಹಿಂದಿನ ದಿನ ಬಂದು ಗಲಾಟೆ ಮಾಡಿ ಹೋಗಿದ್ದರು. ಅವರ ಮುಖ ನೆನೆದೇ ಇರಬೇಕು, ಸೆಲ್ವ ಒಪ್ಪಿಕೊಂಡ. ಬೆಳಿಗ್ಗೆಯ ಸರದಿಯಲ್ಲಿ ಕಪ್ಪಿನದೊಂದನ್ನೇ ಕಟ್ಟಿದ್ದ. ಹಳದಿಯ ಪಟ್ಟಿ ಕಿತ್ತುಹೋಗಿ ಅದು ಶೇಖರ್ ಜೇಬಿನಲ್ಲಿತ್ತು. ಮಧ್ಯಾಹ್ನ ಹೊಸ ಪಟ್ಟಿ ಹಾಕಿಸಿ ತಂದು, ಅವನೇ ಸೆಲ್ವನ ಕೈಗೆ ಬಿಗಿದ.

ಎರಡನೇ ಸಲ ಅರ್ಧ ಗಂಟೆ ತಳದಲ್ಲಿದ್ದ. ದಿಮ್ಮಿ ಬಿಟ್ಟಿತು. ನೀರಿನ ಮೇಲೆ ಅದರ ತುಂಡು ತೇಲಿ ಬಂದಾಗ ಮಾದಪ್ಪ ಕೈ ಮುಗಿದ. ಆಮೇಲೆ ಸ್ಲೇಟು ಬಂತು: ಹಳದಿ ನಾಲ್ಕು, ಕಪ್ಪು ಹತ್ತೊಂಬತ್ತು. ನಾನು ಗಟ್ಟಿಯಾಗಿ ಓದಿ ಹೇಳಿ, ಬರೆದುಕೊಂಡೆ. ಅಷ್ಟರಲ್ಲಿ ಏರಿಯ ಮೇಲೆ ಅಧಿಕಾರಿಯ ಕಾರು ಬಂದು ನಿಂತಿತು. ಶೇಖರ್ ಓಡಿಹೋಗಿ ನಮಸ್ಕಾರ ಹಾಕಿ, ಓಡಿ ಬಂದ. ನಾಲ್ಕು ನಿಮಿಷ ಆಯಿತೋ ಇಲ್ಲವೋ, ಎರಡು ಸಲ ಹಗ್ಗ ಜಗ್ಗಿಸಿದ. ಎರಡು ಅಂದರೆ ಬಾ ಅಂತ. ಕೆಳಗಿನಿಂದ ಸೆಲ್ವ ಒಂದು ಸಲ ಜಗ್ಗಿದ. ತಡಿ ಅಂತ.

"ಬ್ಯಾಡಿ ಸಾ, ಅವ್ನ್ ಬರೋ ಒತ್ತಾಗಿಲ್ಲ," ಅಂದ ಮಾದಪ್ಪ.

ಶೇಖರ್ ಅವನ ಕೈಯಿಂದ ಹಗ್ಗ ಕಿತ್ತುಕೊಂಡ. ಬಿಡದೆ ನಾಲ್ಕು ಸಲ ಜಗ್ಗಿದ.

ಬಿಡದೆ ನಾಲ್ಕು ಅಂದರೆ ಬೇರೆಯೇ ಅರ್ಥ. ಅಪಾಯ, ಇದ್ದ ಹಾಗೇ ಮೇಲೆ ಬಾ ಅಂತ. ಬಾಗಿಲು ಜಾರುತ್ತಿದೆ, ನೀರು ಎಳೆದುಕೊಳ್ಳುತ್ತೆ ಅನ್ನುವಂಥ ಹೊತ್ತಿಗೆ ಮಾತ್ರ ಕೊಡುವ ಸನ್ನೆ. ನೀರೊಳಗಿರುವವನಿಗೆ ಮೇಲಿನ ಲೋಕವೆಂದರೆ ಆ ಹಗ್ಗವೊಂದೇ. ಅದನ್ನು ನಂಬದೆ ಅವನು ಇನ್ನೇನನ್ನು ನಂಬಬೇಕು? ಸೆಲ್ವ ಬಂದುಬಿಟ್ಟ. ಎಡಗೈಯ ಕಪ್ಪು ಮೆಷೀನು ಕೀಕೀ ಎಂದು ಕೂಗುತ್ತಲೇ ಇತ್ತು. ಬಾಯಿಂದ ಉಸಿರಿನ ಕೊಳವೆ ತೆಗೆದು ಅವನು ಮೊದಲು ಕೇಳಿದ್ದು, ಏನಾಯ್ತು ಸಾ ಅಂತ. ಶೇಖರ್ ಹೇಳಿದ್ದು, ಸಾಹೇಬರು ಕಾಯ್ತಿದ್ದಾರೆ, ಫೋಟೋಗೆ ನಿಂತ್ಕೋ ಅಂತ.

ಒಂದು ಫೋಟೋ! ಆ ಫೋಟೋದಲ್ಲಿ ಸೆಲ್ವ ಒದ್ದೆ ಅಂಗಿಯಲ್ಲಿ ನಿಂತಿದ್ದಾನೆ. ಪಕ್ಕದಲ್ಲಿ ಅಧಿಕಾರಿ, ಶೇಖರ್, ದಿಮ್ಮಿಯ ತುಂಡು. ಎಲ್ಲರೂ ನಗುತ್ತಿದ್ದಾರೆ.

ಅರ್ಧ ಗಂಟೆಯೊಳಗೆ ಅವನಿಗೆ ಭುಜ ಹಿಡಿಯಿತು. ದಿಮ್ಮಿ ಎಳೆದದ್ದಕ್ಕೆ ಅಂದುಕೊಂಡು ಉಜ್ಜಿಕೊಂಡ. ಆಮೇಲೆ ಎಡಗಾಲಿಗೆ ಜೋಮು ಬಂತು. ಎದ್ದು ನಿಲ್ಲಲು ಹೋಗಿ ಕುಸಿದ. ಮುಖದ ಬಣ್ಣವೇ ಹೋಗಿತ್ತು. ಅವನಿಗೆ ಗೊತ್ತಾಗಿತ್ತು. ಆಕ್ಸಿಜನ್ ಕೊಡಿ ಅಂದ. ಸಾಮಾನಿನ ಪಟ್ಟಿಯಲ್ಲಿ ಆಕ್ಸಿಜನ್ ಸಿಲಿಂಡರ್ ಇತ್ತು. ನಾನೇ ಬರೆದ ಪಟ್ಟಿ, ಶೇಖರ್ ಹೇಳಿ ಬರೆಸಿದ್ದು. ಜೀಪಿನಲ್ಲಿ ಇರಲಿಲ್ಲ.

ಮಾದಪ್ಪನೂ ನಾನೂ ಅವನನ್ನು ಜೀಪಿಗೆ ಹತ್ತಿಸಿ ಹನೂರಿಗೆ ತಂದೆವು. ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದರು. ಈ ಥರದ ಕೇಸು ನೋಡಿಲ್ಲ ಅಂತ ಮುಚ್ಚಿಡದೆ ಹೇಳಿದರು. ಆದರೆ ಕೈ ಕಟ್ಟಿ ಕೂರಲಿಲ್ಲ. ಚಪ್ಪಟೆಯಾಗಿ ಮಲಗಿಸಿ, ಆಕ್ಸಿಜನ್ ಹಾಕಿ, ನಾಲ್ಕು ಕಡೆ ಫೋನ್ ಮಾಡಿದರು. ಇದಕ್ಕೆ ಒತ್ತಡದ ಕೋಣೆ ಬೇಕು, ಅದರೊಳಗೆ ಮಲಗಿಸಿ ಮತ್ತೆ ಆಳಕ್ಕೆ ಇಳಿಸಿದ ಹಾಗೆ ಮಾಡಿ, ನಿಧಾನಕ್ಕೆ ಮೇಲೆ ತರಬೇಕು ಅಂದರು. ಅಂಥದ್ದು ಹತ್ತಿರದಲ್ಲಿ ಎಲ್ಲೂ ಇಲ್ಲ. ಸಿಕ್ಕಿದ್ದು ಸಮುದ್ರದ ದಂಡೆಯ ಊರಿನಲ್ಲಿ. ಯಾವ ದಾರಿ ಹಿಡಿದರೂ ಎತ್ತರ ಹತ್ತಿ ಇಳಿಯಬೇಕು, ಎತ್ತರ ಹತ್ತಿದಷ್ಟೂ ಗುಳ್ಳೆ ಹಿಗ್ಗುತ್ತದೆ. ಆ ಹೆಣ್ಣುಮಗಳು ಭೂಪಟ ತೆಗೆದು ಕೂತು, ಇದ್ದುದರಲ್ಲಿ ತಗ್ಗಿನ ದಾರಿ ಹುಡುಕಿ ಆಂಬುಲೆನ್ಸ್ ಡ್ರೈವರ್‌ಗೆ ಹೇಳಿಕೊಟ್ಟರು. ಸೆಲ್ವ ಅಲ್ಲಿಗೆ ಮುಟ್ಟಿದಾಗ ಮಾರನೆ ದಿನ ಹನ್ನೊಂದು ಗಂಟೆ. ಅಷ್ಟು ಹೊತ್ತಿಗೆ ಸೊಂಟದ ಕೆಳಗೆ ಏನೂ ಗೊತ್ತಾಗುತ್ತಿರಲಿಲ್ಲವಂತೆ.

ಎರಡು ದಿನ ಬಿಟ್ಟು ಶೇಖರ್ ನನ್ನನ್ನು ಕರೆದ. ಪುಸ್ತಕದಲ್ಲಿ ಎರಡು ಕಲಂ ಯಾಕಮ್ಮ ಎಳೆದೆ ಅಂತ ಕೇಳಿದ. ಹೊಸ ಪುಸ್ತಕ ಕೊಟ್ಟು, ಹದಿನೆಂಟು ದಿನದ್ದನ್ನೂ ನೀಟಾಗಿ ಕಾಪಿ ಮಾಡು, ಕಂಪನಿ ಮೆಷೀನಿಂದು ಮಾತ್ರ ಇರಲಿ ಅಂದ. ಆಗಲ್ಲ ಅಂದೆ. ಮುಂದೆ ಕೆಲಸ ಬೇಡ್ವಾ ಅಂದ. ಬೇಡ ಅಂದೆ. ಬ್ಯಾಗಿನಲ್ಲಿ ಹಳೇ ಪುಸ್ತಕ ಇಟ್ಟುಕೊಂಡು ಜೀಪಿಗೂ ಕಾಯದೆ ಹನೂರಿನವರೆಗೆ ನಡೆದೆ. ಬಿಸಿಲು ನೆತ್ತಿ ಸುಡುತ್ತಿತ್ತು. ಸಿಟ್ಟಿನಲ್ಲಿ ದಾರಿ ಸವೆದದ್ದೇ ತಿಳಿಯಲಿಲ್ಲ.

ತನಿಖೆ ನಡೆದದ್ದು ಕೊಳ್ಳೇಗಾಲದ ಒಂದು ಆಫೀಸಿನಲ್ಲಿ, ಸಂಕ್ರಾಂತಿ ಕಳೆದ ಮೇಲೆ. ವಯಸ್ಸಾದ ಅಧಿಕಾರಿ. ಮೇಜಿನ ಮೇಲೆ ಎರಡೂ ಮೆಷೀನು ಇಟ್ಟಿದ್ದರು. ಶೇಖರ್ ಚೆನ್ನಾಗಿ ತಯಾರಾಗಿ ಬಂದಿದ್ದ. ಸೆಲ್ವನ ಸ್ವಂತ ಮೆಷೀನು ಕೆಟ್ಟಿತ್ತು, ತಪ್ಪು ತೋರಿಸುತ್ತಿತ್ತು, ಅದಕ್ಕೇ ಕಂಪನಿಯದನ್ನು ನಂಬಿದೆವು ಅಂದ. ಸಾಕ್ಷಿಗೆ ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಅವತ್ತು ಸಾಯಂಕಾಲ ತೆಗೆದದ್ದು. ಕಪ್ಪು ಮೆಷೀನಿನ ಪರದೆಯಲ್ಲಿ ಎರರ್ ಅಂತ ಬರೆದಿದೆ. ನನಗೆ ಮೈ ಉರಿದುಹೋಯಿತು. ನಿಲ್ಲಬೇಕಾದಷ್ಟು ನಿಲ್ಲದೆ ಮೇಲೆ ಬಂದರೆ ಆ ಮೆಷೀನು ಎರಡು ದಿನ ಹಾಗೇ ಬೀಗ ಹಾಕಿಕೊಳ್ಳುತ್ತದೆ. ಇನ್ನು ನನ್ನನ್ನು ನಂಬಿ ನೀರಿಗಿಳಿಯಬೇಡ ಅಂತ ಹೇಳುವ ರೀತಿ ಅದು. ಅವನು ಮಾಡಿದ ತಪ್ಪಿಗೆ ಅದು ಕೂಗಿದ್ದನ್ನೇ ಹಿಡಿದು, ಅದಕ್ಕೆ ತಲೆ ಕೆಟ್ಟಿದೆ ಅನ್ನುತ್ತಿದ್ದ.

ನಾನು ಇದನ್ನೆಲ್ಲ ಹೇಳಿದೆ. ಅಧಿಕಾರಿ ತಾಳ್ಮೆಯಿಂದಲೇ ಕೇಳಿದರು. ಆದರೂ ಒಂದು ನಾಲ್ಕು, ಒಂದು ಹತ್ತೊಂಬತ್ತು, ಯಾವುದೋ ಒಂದು ತಪ್ಪಿರಲೇಬೇಕಲ್ಲಮ್ಮ ಅಂದರು. ನಾನು ಎದ್ದು ಮೇಜಿನ ಹತ್ತಿರ ಹೋದೆ. ಹಳದಿಯದರ ಗುಂಡಿ ಒತ್ತಿ ಅದರ ನೆನಪು ತೆಗೆದೆ. ಆ ದಿನಾಂಕದಲ್ಲಿ ಇಳಿದದ್ದು ಒಂದು ಸಲ. ಕಪ್ಪಿನದರಲ್ಲಿ ಎರಡು ಸಲ. ನನ್ನ ಪುಸ್ತಕದಲ್ಲೂ ಎರಡು ಸಲ.

"ಬೆಳಿಗ್ಗೆ ಹಳದಿ ಇವರ ಜೇಬಲ್ಲಿತ್ತು ಸಾ. ಸೆಲ್ವಣ್ಣ ಆಗಲೇ ಒಂದು ಸಲ ನೂರಡಿ ಇಳಿದು ಬಂದಿದ್ದಾರೆ ಅಂತ ಅದಕ್ಕೆ ಗೊತ್ತೇ ಇಲ್ಲ. ಹೊಸ ಮನುಷ್ಯ ಅಂತ ಲೆಕ್ಕ ಹಾಕಿ ನಾಲ್ಕು ಅಂದಿದೆ. ಎರಡು ಮೆಷೀನೂ ಸರಿಯಾಗಿವೆ. ಯಾವುದನ್ನ ಕೇಳಬೇಕು ಅಂತ ತೀರ್ಮಾನ ಮಾಡಿದ್ದು ಮೆಷೀನಲ್ಲ."

ಶೇಖರ್ ಫೋನು ನೋಡುತ್ತಿದ್ದ. ಹೊರಗೆ ಕೂತಿದ್ದ ಮಾದಪ್ಪನನ್ನು ಕರೆಸಿ ಕೇಳಿದರು. ಅವನು ಹಗ್ಗ ಕಿತ್ತುಕೊಂಡದ್ದನ್ನು ಹೇಳಿದ. ನಾಲ್ಕು ಸಲ ಜಗ್ಗಿದ್ದನ್ನೂ ಹೇಳಿದ. ಅಧಿಕಾರಿ ಎಲ್ಲವನ್ನೂ ಬರೆದುಕೊಂಡರು. ಗೆದ್ದೆ ಅಂದುಕೊಂಡು ಯಳಂದೂರು ಬಸ್ಸು ಹತ್ತಿದೆ.

ವರದಿ ಬಂದದ್ದು ಆರು ತಿಂಗಳಿಗೆ. ಅದರ ತೀರ್ಮಾನ ಒಂದೇ ಸಾಲು. ಉಪಕರಣಗಳ ನಡುವಿನ ವ್ಯತ್ಯಾಸದಿಂದ ಉಂಟಾದ ಗೊಂದಲದಿಂದಾಗಿ ಅವಘಡ ಸಂಭವಿಸಿರುತ್ತದೆ. ಹಗ್ಗ ಇಲ್ಲ, ಜೇಬು ಇಲ್ಲ, ಫೋಟೋ ಇಲ್ಲ. ಯಾವ ಮನುಷ್ಯನ ಹೆಸರೂ ಇಲ್ಲ. ನಾನು ವಿವರಿಸಿದ್ದನ್ನೇ ಹಿಡಿದು ಅವರು ಬಚಾವಾಗಿದ್ದರು. ಎರಡು ಮೆಷೀನು ಎರಡು ಥರ ಹೇಳುತ್ತವೆ ಎಂದು ಅರ್ಥ ಮಾಡಿಸಿದವಳು ನಾನೇ ಅಲ್ಲವೇ? ಆ ಹಾಳೆಯನ್ನು ಅಪ್ಪನ ಮುಂದೆ ಎಸೆದೆ. ಅಪ್ಪ ಓದಿ, ಮಡಚಿ, ನನ್ನ ಕೈಗೇ ಕೊಟ್ಟರು. ಮೇಲಿನವರಿಗೆ ಬರೆದೆ. ಮತ್ತೊಮ್ಮೆ ಬರೆದೆ. ಉತ್ತರ ಬರಲಿಲ್ಲ. ಶೇಖರ್ ಈಗಲೂ ಬೇರೆ ಕಟ್ಟೆಗಳಲ್ಲಿ ಕೆಲಸ ಮಾಡಿಸುತ್ತಾನೆ ಎಂದು ಕೇಳಿದ್ದೇನೆ.

ಪಂಕ್ಚರ್ ಅಂಗಡಿಯ ಮುಂದೆ ನಿಂತ ದಿನ ನಾನು ಯಳಂದೂರು ಬಸ್ಸು ಹತ್ತಲಿಲ್ಲ. ಬೆಟ್ಟದ ಕಡೆಯ ಬಸ್ಸು ಹತ್ತಿ, ಇನ್ನೊಂದು ಬದಲಿಸಿ, ಸೆಲ್ವನ ಊರಿಗೆ ಹೋದೆ. ಅವನನ್ನು ನೋಡಿ ಎರಡು ವರ್ಷವಾಗಿತ್ತು. ಮನೆಯ ಮುಂದೆ ಬಿದಿರು ಸೀಳಿ ತೆಪ್ಪ ಹೆಣೆಯುತ್ತಿದ್ದ. ಎಡಗಾಲು ಎಳೆಯುತ್ತಾನೆ, ಕೋಲಿಲ್ಲದೆ ನಡೆಯಲಾರ. ಹೆಂಡತಿ ಪಳನಿಯಮ್ಮ ಕಾಫಿ ತಂದುಕೊಟ್ಟು, ಮೂತ್ರದ ತೊಂದರೆ ಇನ್ನೂ ಹೋಗಿಲ್ಲ ಅಂತ ನನ್ನ ಕಿವಿಯಲ್ಲಿ ಹೇಳಿ ಒಳಗೆ ಹೋದಳು.

ಈ ಕಥೆಯನ್ನು ಬರೆಯಬೇಕು ಅಂತಿದ್ದೀನಿ ಅಣ್ಣ ಅಂದೆ. ಶೇಖರ್ ಮಾಡಿದ್ದು, ಫೋಟೋ, ಆ ಒಂದು ಸಾಲಿನ ವರದಿ, ಎಲ್ಲವನ್ನೂ ಬರೀತೀನಿ, ಒಬ್ಬರನ್ನೂ ಬಿಡಲ್ಲ ಅಂದೆ. ನನ್ನ ದನಿ ಏರಿತ್ತು. ಅವನು ಬಿದಿರಿನ ಸೀಳೊಂದನ್ನು ಬಗ್ಗಿಸಿ ನೋಡಿ, ಪಕ್ಕಕ್ಕಿಟ್ಟ.

"ಅವತ್ತು ಅವ್ನು ಅಗ್ಗ ಕಿತ್ಕಂಡಾಗ ನೀನೆಲ್ಲಿದ್ದೆ ತಂಗಚ್ಚಿ?"

ಪಕ್ಕದಲ್ಲೇ ಇದ್ದೆ ಅಂದೆ.

"ಏನಾರ ಅಂದ್ಯಾ?"

ಇಲ್ಲ ಅಂದೆ.

ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಐದು ವರ್ಷದಿಂದ ಕೇಳಬೇಕು ಅಂತಿದ್ದದ್ದನ್ನು ಕೇಳಿ ಮುಗಿಸಿದವನ ಹಾಗೆ ಮತ್ತೆ ಬಿದಿರು ಕೈಗೆತ್ತಿಕೊಂಡ.

"ಅದ್ನೂ ಬರಿ," ಅಂದ.

ಬರೆಯುತ್ತಿದ್ದೇನೆ. ಓದು ಬಾರದ ಮಾದಪ್ಪ ಬೇಡ ಅಂದ. ಹಳದಿ ನಾಲ್ಕು, ಕಪ್ಪು ಹತ್ತೊಂಬತ್ತು ಅಂತ ಗಟ್ಟಿಯಾಗಿ ಓದಿದವಳು, ಆ ಹದಿನೈದು ನಿಮಿಷಗಳ ಅರ್ಥ ದಂಡೆಯ ಮೇಲೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ನಾನು. ಶೇಖರ್ ನಾಲ್ಕು ಸಲ ಹಗ್ಗ ಜಗ್ಗಿದಾಗ ನಾನು ಗಡಿಯಾರ ನೋಡಿದೆ. ಸೆಲ್ವ ಮೇಲೆ ಬಂದ ಹೊತ್ತನ್ನು ಸರಿಯಾದ ಕಲಂನಲ್ಲಿ ಬರೆದೆ.